ಜೋಳದ ಲೆಕ್ಕದ ಕಾಲುವೆ, ಅಕ್ಕಿಯ ಊರು

ಜುಲೈ ಬಂತು ಅಂದರೆ ಕೊಪ್ಪಳ, ರಾಯಚೂರು ಕಡೆ ಒಂದೇ ಮಾತು: ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ? ನೀರು ಬಿಟ್ಟ ವಾರಕ್ಕೆ ಇನ್ನೊಂದು ಮಾತು ಶುರುವಾಗುತ್ತದೆ: ಕೆಳಗಿನವರಿಗೆ, ಅಂದರೆ ಕಾಲುವೆಯ ಕೊನೆಯ ಭಾಗದವರಿಗೆ, ಮುಟ್ಟಿತಾ? ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ, ಕಾಲುವೆಯ ನೀರಿನ ಮಟ್ಟ ಅಳೆಯುವ 69ನೇ ಮೈಲ್ ಗೇಜ್, 104ನೇ ಮೈಲ್ ಗೇಜ್, ರಸ್ತೆ ತಡೆ, ಕಾಲುವೆ ದಂಡೆಯಲ್ಲಿ ಪೊಲೀಸರು. ಹೊರಗಿನವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಒಳಗಿನವರಿಗೂ ಈಗೀಗ ಅಷ್ಟಕ್ಕಷ್ಟೇ ಬಿಡಿ. ಕಾರಟಗಿಯಂಥ ಒಂದು ಊರು ಹಿಡಿದು ಹಿಂದಕ್ಕೆ ಹೋದರೆ ಗಂಟು ಸ್ವಲ್ಪ ಸಡಿಲಾಗುತ್ತದೆ.

ಕಾರಟಗಿ ಇರುವುದು ಗಂಗಾವತಿಗೂ ಸಿಂಧನೂರಿಗೂ ನಡುವೆ. ಮೊನ್ನೆ ಮೊನ್ನೆಯವರೆಗೂ ಗಂಗಾವತಿ ತಾಲ್ಲೂಕಿನೊಳಗಿತ್ತು, ಈಗ ತಾನೇ ತಾಲ್ಲೂಕು. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997–98ರ ಬಜೆಟ್ಟಿನಲ್ಲಿ, ಇಲ್ಲಿಗೆ ರೈಲು ಬರಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಊರಿಗೆ ಬರುವವರಿಗೆ ಮೊದಲು ಕಾಣುವುದು ರೈಸ್ ಮಿಲ್ಲಿನ ಚಿಮಣಿ. ಆಮೇಲೆ ಬೇಯಿಸಿದ ಭತ್ತದ ವಾಸನೆ. ಮಿಲ್ಲಿನ ಪಕ್ಕದ ಓಣಿಯಲ್ಲಿ ಒಣಹಾಕಿದ ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿ, ಹೊಟ್ಟಿನ ಕರಿ ಬೂದಿ ಉದುರುತ್ತದೆ. ಇಲ್ಲಿ ಭತ್ತದ ರೇಟು ಹೇಳುವುದು ಕ್ವಿಂಟಲ್‌ ಲೆಕ್ಕದಲ್ಲಲ್ಲ, 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಹೊಲ ಲೀಸಿಗೆ ಕೊಟ್ಟರೂ ಎಕರೆಗೆ ಇಷ್ಟು ಚೀಲ ಎಂದೇ ಮಾತು.

ಆದರೆ ಇದು ಅಕ್ಕಿಯ ಸೀಮೆ ಆಗಬೇಕಿದ್ದದ್ದೇ ಅಲ್ಲ. ಆನೆಗೊಂದಿ ಕಡೆ ಹೊಳೆಯ ದಂಡೆಗೆ ವಿಜಯನಗರ ಕಾಲದ ಕಾಲುವೆಗಳಿದ್ದವು, ಅಲ್ಲಿ ಭತ್ತ ಹಳೆಯದು. ಹೊಳೆ ಬಿಟ್ಟು ಮೇಲೆ ಬಂದರೆ ಕಪ್ಪು ಮಣ್ಣಿನ ಎರೆ ಭೂಮಿ. ಜೋಳ, ಹತ್ತಿ, ಕುಸುಬೆ, ನವಣೆ. ಮಳೆ ಬಂದರೆ ಊಟ, ಇಲ್ಲದಿದ್ದರೆ ಗುಳೆ.

ತುಂಗಭದ್ರೆಗೆ ಅಣೆಕಟ್ಟು ಕಟ್ಟೋಣ ಎಂದು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಹೇಳಿದ್ದು 1860ರಲ್ಲಿ. ನಡುವೆ ಭೀಕರ ಬರ ಬಂದು ಹೋಯಿತು, ಮದ್ರಾಸ್ ಸರ್ಕಾರಕ್ಕೂ ನಿಜಾಮರಿಗೂ ಲೆಕ್ಕ ಹೊಂದಲಿಲ್ಲ, 1944ರಲ್ಲಿ ಹೊಂದಿತು, 1945ರ ಫೆಬ್ರವರಿ 28ಕ್ಕೆ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಇಷ್ಟರೊಳಗೆ ನಿಜಾಮರ ರಾಜ್ಯವೇ ಇರಲಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರೋಣ. ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಹೊಲಗಳಿಗೆ ನೀರು ಕೊಡುತ್ತಾ ರಾಯಚೂರು ಕಡೆ ಹೋಗುತ್ತದೆ. ಆರು ಲಕ್ಷ ಎಕರೆ ಅಚ್ಚುಕಟ್ಟು. ಇದನ್ನು ಲೆಕ್ಕ ಹಾಕಿದವರು ಬರ ತಪ್ಪಿಸುವ ಕಾಲುವೆ ಎಂದು ಲೆಕ್ಕ ಹಾಕಿದ್ದರು. ಕೆಲವರಿಗೆ ತುಂಬಾ ನೀರು ಬೇಡ, ಎಲ್ಲರಿಗೂ ಒಂದಿಷ್ಟು ಸಿಗಲಿ ಅಂತ. ಹಾಗಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಮೊದಲೇ ಬರೆದಿಟ್ಟರು. ಬಹುಪಾಲು ಹೊಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆ. ಭತ್ತಕ್ಕೆ, ಕಬ್ಬಿಗೆ ಸ್ವಲ್ಪ ಜಾಗ ಮಾತ್ರ. ಕಾಲುವೆಯ ಅಗಲ, ತೂಬಿನ ಪೈಪು ಎಲ್ಲ ಅದೇ ಅಳತೆಗೆ.

ನೀರೇನೋ ಬಂತು. ಆದರೆ ನೀರು ಕಟ್ಟಿ ಬೆಳೆ ತೆಗೆಯುವುದು ಇಲ್ಲಿನ ಬಹಳ ರೈತರಿಗೆ ಹೊಸದು. ಎರೆ ಹೊಲ ಸಮ ಮಾಡಲು ದುಡ್ಡು ಬೇಕು, ಅದೂ ಇರಲಿಲ್ಲ. ಆಗ ಬಂದವರು ಕರಾವಳಿ ಆಂಧ್ರದ ರೈತರು. ಕೃಷ್ಣಾ, ಗೋದಾವರಿ ಕಡೆ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಕಾಲುವೆ ಬದಿಗೆ ಹೊಲ ಕೊಂಡು, ಅಲ್ಲೇ ಗುಡಿಸಲು ಹಾಕಿ, ಮಡಿ ಕಟ್ಟಿ, ತಮಗೆ ಗೊತ್ತಿದ್ದದ್ದನ್ನು ಬೆಳೆದರು. ಅವರಿಗೆ ಗೊತ್ತಿದ್ದದ್ದು ಭತ್ತ. ಆ ಗುಡಿಸಲುಗಳೇ ಇವತ್ತಿನ ಕ್ಯಾಂಪುಗಳು. ಗಂಗಾವತಿ ಕಡೆಯ ಶ್ರೀರಾಮನಗರ ನೋಡಿದರೆ ಸಾಕು, ಕ್ಯಾಂಪು ಎಂಬ ಹೆಸರು ಎಷ್ಟು ಸಣ್ಣದು ಅನಿಸುತ್ತದೆ.

ತಪ್ಪು ಅವರದು ಎನ್ನುವುದು ಸುಲಭ. ಆದರೆ ಹೊಲ ಮಾರಿದವರು ಇಲ್ಲಿನವರೇ, ಮುಂದೆ ಅವರನ್ನು ನೋಡಿ ಭತ್ತ ಹಾಕಿದವರೂ ಇಲ್ಲಿನವರೇ. ಹಾಕದೆ ವಿಧಿ ಇರಲಿಲ್ಲ. ಪಕ್ಕದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಬಸಿನೀರು ನಿಮ್ಮ ಹೊಲಕ್ಕೆ ಬರುತ್ತದೆ, ಹತ್ತಿ ಹಳದಿ ಬಿದ್ದು ಸಾಯುತ್ತದೆ. ಎರಡು ವರ್ಷ ನೋಡುತ್ತೀರಿ, ಮೂರನೇ ವರ್ಷ ನೀವೂ ಮಡಿ ಕಟ್ಟುತ್ತೀರಿ, ಅಲ್ವಾ? ಹೀಗೆ ಹೊಲದಿಂದ ಹೊಲಕ್ಕೆ ಭತ್ತ ಹಬ್ಬಿತು. ಎಷ್ಟೋ ಕಡೆ ಜೌಗು ಹಿಡಿದು, ಸವುಳು (ಉಪ್ಪು) ಎದ್ದು, ಭತ್ತ ಬಿಟ್ಟರೆ ಬೇರೇನೂ ಬಾರದ ಹಾಗಾಯಿತು.

ಜೋಳದ ಅಳತೆಯ ತೂಬು ಭತ್ತಕ್ಕೆ ಎಲ್ಲಿ ಸಾಲುತ್ತದೆ? ಸಿಮೆಂಟು ಒಡೆದು ದೊಡ್ಡ ಪೈಪು ಕೂತಿತು. ಕಾಲುವೆಯೊಳಗೆ ಕಲ್ಲು ಬಿದ್ದವು, ನೀರು ಮೇಲೇರಿ ತೂಬಿಗೆ ನುಗ್ಗಲಿ ಅಂತ. ಅಚ್ಚುಕಟ್ಟಿನ ಹೊರಗಿನ ಹೊಲಕ್ಕೂ ಪಂಪ್‌ಸೆಟ್ ಬಂತು. ಹಗಲು ಲಸ್ಕರ್ (ಗೇಟು ನೋಡಿಕೊಳ್ಳುವ ನೌಕರ) ಇಳಿಸಿದ ಗೇಟು ರಾತ್ರಿ ಏಳುತ್ತದೆ. ಇವನ್ನೆಲ್ಲ ನಿಲ್ಲಿಸಲು ನಿಯಮ ಇತ್ತು, ಈಗಲೂ ಇದೆ, ಪುಸ್ತಕದಲ್ಲಿ. ಮೇಲಿನ ಊರುಗಳಿಗೆ ವರ್ಷಕ್ಕೆ ಎರಡು ಭತ್ತ, ಕೊನೆಯ ಭಾಗದ ಮಾನ್ವಿ, ಸಿರವಾರ ಕಡೆ ಒಂದು ಬೆಳೆಗೂ ಕಾಯಬೇಕು.

ಕಾರಟಗಿ ಬೆಳೆದದ್ದು ಇದೇ ಭತ್ತದ ಮೇಲೆ. ಮಿಲ್ಲು, ಗೋದಾಮು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು, ಬ್ಯಾಂಕು. ಸೋನಾ ಮಸೂರಿ ಹೆಸರಿನಲ್ಲಿ ಬೆಂಗಳೂರಿನವರು ತಿನ್ನುವ ಅಕ್ಕಿಯಲ್ಲಿ ಈ ಸೀಮೆಯದು ಸಾಕಷ್ಟಿದೆ. ನಾಟಿ ಬಂದರೆ ಒಣಬೇಸಾಯದ ಹಳ್ಳಿಗಳಿಂದ ಹೆಂಗಸರು ಬೆಳಿಗ್ಗೆಯೇ ಟಂಟಂ ತುಂಬಿ ಬರುತ್ತಾರೆ. ಖಾನಾವಳಿಯಲ್ಲಿ ಮಾತ್ರ ಇನ್ನೂ ಜೋಳದ ರೊಟ್ಟಿಯೇ. ಆ ಜೋಳ ಕಾಲುವೆ ಇಲ್ಲದ ಊರಿನದು.

ಇಷ್ಟರ ಮೇಲೆ ಹೂಳು. ಕಟ್ಟಿದಾಗ ಜಲಾಶಯದಲ್ಲಿ 133 ಟಿಎಂಸಿ ನಿಲ್ಲುತ್ತಿತ್ತು, ಈಗಿನ ಲೆಕ್ಕ 105.788 ಟಿಎಂಸಿ. ಹೂಳು ತೆಗೆಯುವುದು ಆಗದ ಮಾತು, ಅದಕ್ಕೆ ಹತ್ತಿರದ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟೋಣ ಎಂದರು. ವರ್ಷಗಳಿಂದ ಎನ್ನುತ್ತಲೇ ಇದ್ದಾರೆ. ಅದಕ್ಕೂ ಹೊಲ ಮುಳುಗಬೇಕು, ಪಕ್ಕದ ರಾಜ್ಯಗಳೂ ಒಪ್ಪಬೇಕು. ಗಮನಿಸಿ, ಎಲ್ಲ ಮಾತೂ ನೀರು ಜಾಸ್ತಿ ಮಾಡುವ ಮಾತೇ. ಇದ್ದ ನೀರಿಗೆ ಯಾವ ಬೆಳೆ ಎಂದು ಕೇಳಿದರೆ ಸಭೆ ತಣ್ಣಗಾಗುತ್ತದೆ. ಓಟಿನ ಕಾಲದಲ್ಲಂತೂ ಕೇಳಲೇಬೇಡಿ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿ ಹೋಯಿತು. ತುಂಬಿದ ಜಲಾಶಯ, ಹರಿಯುವ ನೀರು, ಅದರ ನಡುವೆಯೇ ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಆಮೇಲೆ ಮಳೆ ಬಂದು ಮತ್ತೆ ತುಂಬಿತು, ಆ ವರ್ಷ ಬಚಾವು. ಆದರೆ ಒಟ್ಟು 33 ಗೇಟುಗಳದ್ದೂ ಅದೇ ವಯಸ್ಸಾಗಿತ್ತು. 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡ ಎಂದರು, ಗೇಟು ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಎಂದೂ ಆಯಿತು. ಮೇಲಿನವರಿಗೆ ಕಾಲುವೆ ಬತ್ತುವ ಬೇಸಿಗೆ ಅಪರೂಪ. ಕೊನೆಯ ಭಾಗದವರು ಅದನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದಾರೆ.