ಬೆಲ್ಟ್ ಯಾವಾಗ ಕಿರುಚುತ್ತದೆ?

ಕಾಸರಗೋಡಿನ ಕಡೆ ಆಟಿ ತಿಂಗಳ ಬೆಳಗ್ಗೆ ಹಳೆಯ ಜೀಪಿಗೆ ಸೆಲ್ಫ್ ಹೊಡೆದರೆ ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುವುದು ಫ್ಯಾನ್ ಬೆಲ್ಟಿನ ಕಿರುಚಾಟ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ಮನೆಗಳಲ್ಲಿ ಇನ್ನೂ ದುಡಿಯುತ್ತಿರುವ ಡೀಸೆಲ್ ಗಾಡಿಗಳು ಸ್ವಲ್ಪ ಹೊತ್ತು ಕೀ ಎಂದು ಕೂಗಿ ಸುಮ್ಮನಾಗುತ್ತವೆ. ಮಳೆಗಾಲ ಅಲ್ಲವೇ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ತೇವದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅದೇ ಶೆಡ್ಡಿನಲ್ಲಿ ಅದೇ ಥಂಡಿಯಲ್ಲಿ ರಾತ್ರಿ ಕಳೆದ ಇನ್ನೊಂದು ಗಾಡಿ ಸದ್ದಿಲ್ಲದೆ ಹೊರಡುತ್ತದೆ. ಮೊದಲೇ ಇದ್ದ ದೋಷವನ್ನು ತೇವ ಬಯಲಿಗೆ ತರುತ್ತದೆ, ಅಷ್ಟೇ.

ಸದ್ದು ಹುಟ್ಟುವ ಬಗೆ ಹೀಗೆ. ಬೆಲ್ಟಿನ ರಬ್ಬರ್ ತಾನು ಸುತ್ತಿಕೊಂಡ ಚಕ್ರವನ್ನು, ಅಂದರೆ ಪುಲ್ಲಿಯನ್ನು, ಕಚ್ಚಿ ಹಿಡಿಯುತ್ತದೆ, ಹೊರೆ ಹೆಚ್ಚಿದಾಗ ತುಸು ಹಿಗ್ಗಿ ಜಾರುತ್ತದೆ, ಜಾರಿದೊಡನೆ ಮತ್ತೆ ಕಚ್ಚುತ್ತದೆ. ನಿಂತ ಘರ್ಷಣೆ ಜಾರುವ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಈ ಕಚ್ಚು-ಜಾರು ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ನಡೆದಾಗ ಬೆಲ್ಟೇ ಕಂಪಿಸಿ ಕೂಗುತ್ತದೆ. ನೀರಿನ ತೆಳು ಪದರ ಇದ್ದರೆ ಜಾರಿದಷ್ಟೂ ಹಿಡಿತ ಇನ್ನಷ್ಟು ಕುಸಿಯುತ್ತದೆ; ಕಂಪನಕ್ಕೆ ಅದು ಹೇಳಿ ಮಾಡಿಸಿದ ಸ್ಥಿತಿ.

ಹಾಗಾದರೆ ಜಾರುವುದೇಕೆ? ಕಡಿದ ಹಲಸಿನ ದೊಡ್ಡ ಕೊಂಬೆಯನ್ನು ಕೆಳಗಿಳಿಸುವವರು ಹಗ್ಗವನ್ನು ಪಕ್ಕದ ತೆಂಗಿನ ಬುಡಕ್ಕೆ ಒಂದೆರಡು ಸುತ್ತು ಹಾಕುವುದನ್ನು ಗಮನಿಸಿ. ಒಬ್ಬನ ಕೈಗೆ ಎಂದೂ ನಿಲ್ಲದ ಭಾರ ಆಗ ನಿಲ್ಲುತ್ತದೆ. ಇದರ ಲೆಕ್ಕವನ್ನು 18ನೇ ಶತಮಾನದಲ್ಲಿಯೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹಾಕಿದ್ದರು. ಎರಡು ಮೈಗಳ ನಡುವಿನ ಘರ್ಷಣೆಯ ಅಳತೆಯಾದ ಘರ್ಷಣಾಂಕ 0.3 ಎಂದುಕೊಂಡರೆ ಒಂದು ಸುತ್ತಿಗೆ ಹಿಡಿತ ಆರೂವರೆ ಪಟ್ಟು. ಎರಡು ಸುತ್ತಿಗೆ ಹದಿಮೂರಲ್ಲ, ಸುಮಾರು 43 ಪಟ್ಟು! ಸುತ್ತು ಕೂಡುತ್ತಾ ಹೋದರೆ ಹಿಡಿತ ಗುಣಿಸುತ್ತಾ ಹೋಗುತ್ತದೆ. ಕಡಿಮೆಯಾದರೆ ಅಷ್ಟೇ ವೇಗವಾಗಿ ಕುಸಿಯುತ್ತದೆ.

ಬೆಲ್ಟಿಗೆ ಪೂರ್ತಿ ಒಂದು ಸುತ್ತೂ ಸಿಗುವುದಿಲ್ಲ. ಗಾಡಿಗೆ ಕರೆಂಟು ಉತ್ಪಾದಿಸುವ ಆಲ್ಟರ್ನೇಟರಿನ ಚಿಕ್ಕ ಪುಲ್ಲಿಯನ್ನು ಅದು ತಬ್ಬುವುದು ಬಹುಶಃ 120 ಡಿಗ್ರಿಯಷ್ಟು. ಚಪ್ಪಟೆ ಬೆಲ್ಟ್ ಆಗಿದ್ದರೆ ಬಿಗಿ ಬದಿಯ ಎಳೆತ ಸಡಿಲ ಬದಿಯ ಎರಡು ಪಟ್ಟನ್ನೂ ಮುಟ್ಟುವ ಮುಂಚೆಯೇ ಜಾರಬೇಕಿತ್ತು. ಹಳೆಯ ಗಾಡಿಗಳನ್ನು ಕಾಯುವುದು ಬೆಲ್ಟಿನ ವಿ ಆಕಾರ. ಅದರ ಎರಡು ಇಳಿಜಾರು ಬದಿಗಳು ಪುಲ್ಲಿಯ ತೋಡಿನಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ತೋಡಿನ ಕೋನ 36 ಡಿಗ್ರಿ ಇದ್ದರೆ ಅದೇ ಲೆಕ್ಕ ಏಳೂವರೆ ಪಟ್ಟಿಗೆ ಏರುತ್ತದೆ. ಎಂಜಿನಿಯರಿಂಗಿನಲ್ಲಿ ಇಷ್ಟು ಸರಳವಾದ, ಇಷ್ಟು ಚಂದದ ಉಪಾಯಗಳು ಹೆಚ್ಚಿಲ್ಲ.

ಅದಕ್ಕೇ ನಾನು ಮೊದಲು ನೋಡುವುದು ಪುಲ್ಲಿಯ ತೋಡಿನ ತಳವನ್ನು, ಎಂಜಿನ್ ನಿಲ್ಲಿಸಿ, ಕೀ ಕೈಯಲ್ಲಿ ಹಿಡಿದುಕೊಂಡು. ಅಲ್ಲಿ ತುಕ್ಕು, ಮಸಿ ಇದ್ದರೆ ಒಳ್ಳೆಯದು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಬದಿಗಳು ಸವೆದು ಬೆಲ್ಟ್ ತಳಕ್ಕೆ ಕೂತಿದೆ ಎಂದರ್ಥ. ಬೆಣೆ ಹೋಯಿತು, ಚಪ್ಪಟೆ ಬೆಲ್ಟೇ ಉಳಿಯಿತು. ಇನ್ನೆಷ್ಟು ಟೈಟ್ ಮಾಡಿದರೂ ಪ್ರಯೋಜನವಿಲ್ಲ. ಆಲ್ಟರ್ನೇಟರಿನ ಮತ್ತು ವಾಟರ್ ಪಂಪಿನ ಬೇರಿಂಗ್ ಹಾಳಾಗುತ್ತದೆ, ಅಷ್ಟೇ. ಹೊಸ ಬೆಲ್ಟ್ ಹಾಕಿಯೂ ಅದು ತಳ ಮುಟ್ಟಿದರೆ ಒಂದೋ ಬೆಲ್ಟಿನ ಅಳತೆ ತಪ್ಪು, ಇಲ್ಲವೇ ಪುಲ್ಲಿಯೇ ಸವೆದಿದೆ.

ಇನ್ನು ಹೊರೆಯ ಮಾತು. ಸೆಲ್ಫ್ ಹೊಡೆದಾಗ ಬ್ಯಾಟರಿ ಕಳೆದುಕೊಂಡ ಚಾರ್ಜನ್ನು ಆಲ್ಟರ್ನೇಟರ್ ತುಂಬಬೇಕು. 14 ವೋಲ್ಟಿನಲ್ಲಿ 40 ಆಂಪಿಯರ್ ಎಂದರೆ 560 ವ್ಯಾಟ್. ಆಲ್ಟರ್ನೇಟರಿನೊಳಗಿನ ನಷ್ಟವನ್ನೂ ಸೇರಿಸಿದರೆ ಆ ಚಿಕ್ಕ ಪುಲ್ಲಿಯ ಮೂಲಕ ಒಂದು ಅಶ್ವಶಕ್ತಿಗಿಂತ ಹೆಚ್ಚೇ ಹಾದುಹೋಗಬೇಕು. ಬೆಲ್ಟ್ ತಣ್ಣಗೆ, ಬಿರುಸಾಗಿರುವ ಹೊತ್ತಿನಲ್ಲೇ ಈ ಹೊರೆ ಬೀಳುತ್ತದೆ. ಬ್ಯಾಟರಿ ತುಂಬುತ್ತಾ ಬಂದಂತೆ ಹೊರೆ ಇಳಿಯುತ್ತದೆ, ಬೆಲ್ಟ್ ಬಿಸಿಯಾಗಿ ಒಣಗುತ್ತದೆ, ಸದ್ದು ನಿಲ್ಲುತ್ತದೆ. ಬೆಳಗಿನ ಕೂಗು ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ ಬ್ಯಾಟರಿಯನ್ನೂ ಪರೀಕ್ಷಿಸಿ. ಮುದಿ ಬ್ಯಾಟರಿ ಬಹಳ ಹೊತ್ತು ಹೆಚ್ಚು ಕರೆಂಟು ಎಳೆಯುತ್ತದೆ. ಬೈಗುಳ ಮಾತ್ರ ಬೆಲ್ಟಿಗೆ.

ಆದ್ದರಿಂದ ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ಹೆಚ್ಚು ತಿಳಿಸುತ್ತದೆ. ಐಡ್ಲಿಂಗಿನಲ್ಲಿ ಹೆಡ್‌ಲೈಟ್, ಬ್ಲೋವರ್ ಹಾಕಿದೊಡನೆ ಕೂಗಿದರೆ ಆಲ್ಟರ್ನೇಟರಿನ ಪುಲ್ಲಿಯಲ್ಲಿ ಜಾರುತ್ತಿದೆ. ಎಸಿ ಹಾಕಿದಾಗ ಬಂದರೆ ಕಂಪ್ರೆಸರ್, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ ಪವರ್ ಸ್ಟಿಯರಿಂಗ್ ಪಂಪ್. ಏನೂ ಹಾಕದೆಯೇ ಹಕ್ಕಿಯಂತೆ ಚಿಕ್ ಚಿಕ್ ಎಂದು ತಾಳಬದ್ಧವಾಗಿ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ ಎಂಬ ಸಂಶಯ ಮೊದಲು ಬರಬೇಕು. ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಬ್ರಾಕೆಟ್ಟಿನ ಬುಶ್ ಸವೆದು, ಇಲ್ಲವೇ ಬಿಚ್ಚಿ ಹಾಕುವಾಗ ಒಂದು ವಾಷರ್ ಬಿಟ್ಟುಹೋಗಿ ಹೀಗಾಗುತ್ತದೆ. ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿ ಹಿಡಿದರೆ ಓರೆ ಕಾಣುತ್ತದೆ.

ಸಂಶಯ ಉಳಿದರೆ ನೀರೇ ಸಾಕ್ಷಿ ಹೇಳುತ್ತದೆ. ಎಂಜಿನ್ ಓಡುತ್ತಿರುವಾಗ ಉದ್ದ ಮೂತಿಯ ಬಾಟಲಿಯಿಂದ, ದೂರ ನಿಂತು, ಬೆಲ್ಟಿನ ಒಳಮೈಗೆ ತುಸು ನೀರು ಚಿಮ್ಮಿಸಿ. ಕೂಗು ಜೋರಾದರೆ ಬಿಗಿ ಸಾಲದು. ಕ್ಷಣ ನಿಂತು ಮತ್ತೆ ಶುರುವಾದರೆ ಗೆರೆ ತಪ್ಪಿದೆ. ಮುಂಡು ಉಟ್ಟವರು ಎತ್ತಿ ಬಿಗಿಯಾಗಿ ಕಟ್ಟಿಕೊಳ್ಳಬೇಕು, ಹೆಗಲ ಬೈರಾಸು ತೆಗೆದಿಡಬೇಕು. ತಿರುಗುವ ಫ್ಯಾನಿನ ಹತ್ತಿರ ಈ ಎಚ್ಚರಿಕೆಯಲ್ಲಿ ರಿಯಾಯಿತಿ ಇಲ್ಲ.

ನೀರಿಗೆ ಯಾವ ಬದಲಾವಣೆಯೂ ಇಲ್ಲದೆ ಗುರ್ ಎಂಬ ಒರಟು ಸದ್ದಿದ್ದರೆ ಅದು ಬೇರಿಂಗ್ ಇರಬಹುದು. ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಬೆರಳಿಗೇ ಗೊತ್ತಾಗುತ್ತದೆ.

ಬೆಲ್ಟಿಗೆ ಸಾಬೂನು ಉಜ್ಜುವ ರೂಢಿ ಇದೆ. ದಯವಿಟ್ಟು ಬೇಡ. ಕೂಗು ನಿಲ್ಲಬಹುದು, ಜಾರುವುದು ನಿಲ್ಲುವುದಿಲ್ಲ. ಸದ್ದಿಲ್ಲದೆ ಜಾರಿ ಬಿಸಿಯಾಗಿ ಬೆಲ್ಟಿನ ಬದಿಗಳು ಗಾಜಿನಂತೆ ನುಣುಪಾಗುತ್ತವೆ. ಎಣ್ಣೆ, ಕೂಲೆಂಟ್ ತಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಬೆಲ್ಟ್ ಬದಲಿಸಿ. ಕ್ರಮ ತಪ್ಪಿದರೆ ಹೊಸದೂ ಬೇಗನೆ ಕೂಗುತ್ತದೆ.

ಬಿಗಿ ಎಷ್ಟಿರಬೇಕು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ಪುಸ್ತಕ ಇಲ್ಲದಿದ್ದರೆ, ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗುವುದು ಹಳೆಯ ವಿ ಬೆಲ್ಟುಗಳಿಗೆ ಒಪ್ಪುವ ಅಂದಾಜು. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ತೋಡಿನಲ್ಲಿ ಕೂತು ಸಡಿಲಾಗುವುದರಿಂದ ಇನ್ನೊಮ್ಮೆ ನೋಡಲೇಬೇಕು.

ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಇದೇ ಒಂದು ಬೆಲ್ಟ್ ಫ್ಯಾನನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಏರುದಾರಿಯಲ್ಲಿ ಅದು ತುಂಡಾದರೆ ಮೊದಲು ಚಾರ್ಜಿನ ಕೆಂಪು ದೀಪ ಹತ್ತುತ್ತದೆ, ಹಿಂದೆಯೇ ಎಂಜಿನ್ ಕಾಯತೊಡಗುತ್ತದೆ. ಮನೆ ಹತ್ತಿರವೇ ಇದೆ ಎಂದು ಓಡಿಸಬೇಡಿ. ಸಿಲಿಂಡರ್ ಹೆಡ್ ಬೆಂಡ್ ಆಗಬಹುದು. ಅಲ್ಲೇ ಬದಿಗೆ ನಿಲ್ಲಿಸಿ, ಆಫ್ ಮಾಡಿ, ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟದೆ ಕಾಯಿರಿ.