ಒಡೆದ ಮಾರುಕಟ್ಟೆಯನ್ನು ಬೆಸೆಯುವ ಯತ್ನ: ಸಾರ್ಕ್ ವ್ಯಾಪಾರ ಒಪ್ಪಂದಗಳ ಹಿನ್ನೆಲೆ

ಪೂರ್ವ ಬಂಗಾಳದ ಹೊಲಗಳಲ್ಲಿ ಬೆಳೆದ ಸೆಣಬು ದೋಣಿ, ರೈಲುಗಳಲ್ಲಿ ಹೂಗ್ಲಿ ದಂಡೆಯ ಗಿರಣಿಗಳನ್ನು ತಲುಪಿ, ಅಲ್ಲಿ ಗೋಣಿಯಾಗಿ ಜಗತ್ತಿಗೆಲ್ಲ ಹೋಗುತ್ತಿದ್ದ ಕಾಲದಲ್ಲಿ ಆ ಸಾಗಣೆಯನ್ನು ಯಾರೂ ವಿದೇಶ ವ್ಯಾಪಾರವೆಂದು ಕರೆಯುತ್ತಿರಲಿಲ್ಲ. 1947ರ ವಿಭಜನೆ ಹೊಲವನ್ನು ಒಂದು ದೇಶಕ್ಕೂ ಗಿರಣಿಯನ್ನು ಇನ್ನೊಂದು ದೇಶಕ್ಕೂ ಕೊಟ್ಟಿತು. ಆದರೂ ಕೊಡುಕೊಳ್ಳುವಿಕೆ ತಕ್ಷಣ ನಿಲ್ಲಲಿಲ್ಲ. ಮೊದಲ ಒಂದೆರಡು ವರ್ಷ ಪಾಕಿಸ್ತಾನದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಭಾರತಕ್ಕೇ ಬರುತ್ತಿತ್ತು. ಪೆಟ್ಟು ಬಿದ್ದದ್ದು 1949ರ ಸೆಪ್ಟೆಂಬರ್‌ನಲ್ಲಿ. ಬ್ರಿಟನ್ ಪೌಂಡಿನ ಮೌಲ್ಯವನ್ನು ಇಳಿಸಿದಾಗ ಭಾರತವೂ ರೂಪಾಯಿಯನ್ನು ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಹೊಸ ವಿನಿಮಯ ದರವನ್ನು ಭಾರತ ಒಪ್ಪದೆ ಹೋದದ್ದರಿಂದ ವ್ಯಾಪಾರವೇ ನಿಂತಿತು. ಅಲ್ಲಿಂದಾಚೆ ಪೂರ್ವ ಪಾಕಿಸ್ತಾನ ತನ್ನದೇ ಗಿರಣಿಗಳನ್ನು ಕಟ್ಟಿಕೊಂಡಿತು, ಭಾರತ ತನ್ನದೇ ಸೆಣಬನ್ನು ಬೆಳೆಯತೊಡಗಿತು. 1965ರ ಯುದ್ಧ ಉಳಿದಿದ್ದ ರೈಲು ಮತ್ತು ಜಲಮಾರ್ಗಗಳನ್ನೂ ಕಡಿದುಹಾಕಿತು.

ದಕ್ಷಿಣ ಏಷ್ಯಾದ ವ್ಯಾಪಾರ ಒಕ್ಕೂಟದ ಕಥೆಯನ್ನು ಸಾಮಾನ್ಯವಾಗಿ 1985ರಿಂದ ಹೇಳುತ್ತಾರೆ. ಅದನ್ನು ಸೆಣಬಿನಿಂದಲೇ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಆಗಬೇಕಾಗಿದ್ದದ್ದು ಒಮ್ಮೆ ಒಂದಾಗಿದ್ದು ಕೈಯಾರೆ ಒಡೆದುಕೊಂಡ ಮಾರುಕಟ್ಟೆಯ ಬೆಸುಗೆ.

ನೆರೆಯ ದೇಶಗಳ ಕೂಟವೊಂದು ಬೇಕೆಂದು 1980ರಲ್ಲಿ ಪತ್ರ ಬರೆದು ಪ್ರಸ್ತಾಪಿಸಿದವರು ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರಹಮಾನ್. ಮರುವರ್ಷವೇ ಅವರ ಹತ್ಯೆಯಾಯಿತು. ಸಣ್ಣ ದೇಶಗಳೆಲ್ಲ ಒಟ್ಟಾಗಿ ತನ್ನ ಮೇಲೆ ಒತ್ತಡ ಹೇರಬಹುದೆಂಬ ಅನುಮಾನ ಭಾರತಕ್ಕಿತ್ತು. ಭಾರತ ತನ್ನ ಸರಕುಗಳಿಗೆ ಇದನ್ನು ಹೆಬ್ಬಾಗಿಲು ಮಾಡಿಕೊಂಡೀತೆಂಬ ಅಳುಕು ಪಾಕಿಸ್ತಾನಕ್ಕಿತ್ತು. ಈ ಎರಡು ಸಂಶಯಗಳ ನಡುವೆಯೇ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಸಾರ್ಕ್, ಅಂದರೆ ದಕ್ಷಿಣ ಏಷ್ಯಾದ ಪ್ರಾದೇಶಿಕ ಸಹಕಾರ ಕೂಟದ ಸನ್ನದಿಗೆ ಸಹಿ ಹಾಕಿದವು. ಮರುವರ್ಷ ನವೆಂಬರ್‌ನಲ್ಲಿ ಎರಡನೆಯ ಶೃಂಗಸಭೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಸಾರ್ಕ್‌ಗೊಂದು ಶಾಶ್ವತ ಸಚಿವಾಲಯ ಇರಬೇಕೆಂಬ ಒಡಂಬಡಿಕೆಗೆ ಸಹಿ ಬಿದ್ದದ್ದು ಇಲ್ಲೇ. 1987ರ ಜನವರಿಯಲ್ಲಿ ಅದು ಕಠ್ಮಂಡುವಿನಲ್ಲಿ ಕೆಲಸ ಆರಂಭಿಸಿತು.

ಆ ಸನ್ನದಿನಲ್ಲಿ ಎರಡು ಕಟ್ಟುಪಾಡುಗಳಿದ್ದವು. ಯಾವ ನಿರ್ಧಾರವೂ ಸರ್ವಾನುಮತದಿಂದಲೇ ಆಗಬೇಕು, ಮತ್ತು ಎರಡು ದೇಶಗಳ ನಡುವಿನ ಜಗಳಗಳನ್ನು ಸಭೆಯಲ್ಲಿ ಎತ್ತುವಂತಿಲ್ಲ. ಕೂಟ ಹುಟ್ಟಬೇಕಾದರೆ ಇವೆರಡೂ ಅನಿವಾರ್ಯವಾಗಿದ್ದವು ಎಂಬುದನ್ನು ಒಪ್ಪಲೇಬೇಕು. ಆದರೆ ಜಗಳವನ್ನು ಹೊರಗಿಟ್ಟ ಮಾತ್ರಕ್ಕೆ ಅದು ಹೊರಗೇ ಉಳಿಯುವುದಿಲ್ಲ. ಒಂದೇ ದೇಶದ ಅಸಮ್ಮತಿ ಎಲ್ಲರ ಕೆಲಸವನ್ನೂ ತಡೆಯಬಲ್ಲ ವ್ಯವಸ್ಥೆಯಲ್ಲಿ ಅದು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಕೃಷಿ, ಆರೋಗ್ಯ, ಹವಾಮಾನಗಳಂಥ ವಿಷಯಗಳಿಂದ ಶುರುವಾದ ಸಹಕಾರದಲ್ಲಿ ವ್ಯಾಪಾರಕ್ಕೆ ಮೊದಲ ಕೆಲವು ವರ್ಷ ಜಾಗವೇ ಇರಲಿಲ್ಲ.

1990ರ ದಶಕದಲ್ಲಿ ಗಾಳಿ ಬದಲಾಯಿತು. ಭಾರತ ತನ್ನ ಆರ್ಥಿಕತೆಯನ್ನು ತೆರೆಯಿತು; 1993ರಲ್ಲಿ ಸಹಿಯಾದ ಸಾಪ್ಟಾ ಎಂಬ ಆದ್ಯತಾ ವ್ಯಾಪಾರ ಒಪ್ಪಂದ 1995ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು, ಆಯ್ದ ಸರಕುಗಳಿಗೆ ಸುಂಕ ರಿಯಾಯಿತಿ ಕೊಟ್ಟಿತು. 2004ರ ಜನವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಸಹಿಯಾಗಿ 2006ರಲ್ಲಿ ಜಾರಿಗೆ ಬಂದ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಇನ್ನೂ ದೊಡ್ಡ ಹೆಜ್ಜೆ. ಹಂತಹಂತವಾಗಿ ಸುಂಕವನ್ನು ಶೇ 0–5ರ ಮಟ್ಟಕ್ಕೆ ಇಳಿಸಬೇಕೆಂಬುದು ಅದರ ಗುರಿ. ಆದರೆ ಪ್ರತಿ ದೇಶವೂ ಸುಂಕ ಇಳಿಸಬೇಕಿಲ್ಲದ ವಸ್ತುಗಳ ಒಂದು ‘ಸೂಕ್ಷ್ಮ ಪಟ್ಟಿ’ ಇಟ್ಟುಕೊಳ್ಳಬಹುದಿತ್ತು, ಮತ್ತು ನೆರೆಯವರು ನಿಜವಾಗಿಯೂ ಮಾರಬಲ್ಲ ವಸ್ತುಗಳೇ ಆ ಪಟ್ಟಿಗಳಲ್ಲಿ ಸೇರಿಕೊಂಡವು. ಭಾರತ 1996ರಲ್ಲೇ ಪಾಕಿಸ್ತಾನಕ್ಕೆ ಪರಮಾಪ್ತ ರಾಷ್ಟ್ರದ ಸ್ಥಾನ, ಅಂದರೆ ಬೇರೆ ದೇಶಗಳಿಗೆ ಹಾಕುವುದಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲವೆಂಬ ಭರವಸೆ, ಕೊಟ್ಟಿತ್ತು. ಪಾಕಿಸ್ತಾನ ಅದನ್ನು ಮರಳಿ ಕೊಡಲೇ ಇಲ್ಲ. ಬಾಂಗ್ಲಾದೇಶ, ನೇಪಾಳ, ಭೂತಾನದಂಥ ಹಿಂದುಳಿದ ಆರ್ಥಿಕತೆಗಳಿಗೆ ಭಾರತ 2011ರಲ್ಲಿ ಮದ್ಯ, ತಂಬಾಕಿನಂಥ 25 ವಸ್ತುಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸುಂಕ ತೆಗೆದುಹಾಕಿದ್ದು ಈ ಒಪ್ಪಂದದಡಿ ಆದ ಗಟ್ಟಿ ಕೆಲಸ.

ಇಷ್ಟೆಲ್ಲ ಆದರೂ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಶೇ 5ರ ಆಸುಪಾಸಿನಲ್ಲೇ ಇದೆ. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನಲ್ಲಿ ಅದು ಶೇ 20ನ್ನು ದಾಟುತ್ತದೆ.

ಗಡಿ ತೆರೆದಲ್ಲೆಲ್ಲ ಎಲ್ಲರಿಗೂ ಲಾಭವಾಯಿತೆಂದು ಹೇಳಲೂ ಆಗದು. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಬಿಸಿಯನ್ನು ಕೊಡಗು, ಚಿಕ್ಕಮಗಳೂರು, ಹಾಸನದ ಕರಿಮೆಣಸು ಬೆಳೆಗಾರರು ಬಲ್ಲರು. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದಲ್ಲೇ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಹೊತ್ತು ಸುಂಕ ತಪ್ಪಿಸಿಕೊಂಡು ಬರುತ್ತಿದೆ ಎಂಬುದು ಅವರ ದೂರಾಗಿತ್ತು. ಬೆಲೆ ಕುಸಿದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ ಮೆಣಸನ್ನು ತರಿಸುವಂತಿಲ್ಲ ಎಂಬ ಮಿತಿ, ನಿಗದಿಪಡಿಸಿತು. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ನಿರ್ಬಂಧವಿಲ್ಲದೆ ತರಲು ಅನುಮತಿ ಸಿಕ್ಕಾಗ ಮಲೆನಾಡಿನಲ್ಲಿ ಎದ್ದ ಆತಂಕವೂ ಇದೇ ಜಾತಿಯದು. ಒಪ್ಪಂದಕ್ಕೆ ಸಹಿ ಹಾಕುವವರು ಸರಕಿನ ಮೂಲವನ್ನು ಪರಿಶೀಲಿಸುವ ವ್ಯವಸ್ಥೆಯನ್ನೂ ಅಷ್ಟೇ ಬಿಗಿಯಾಗಿ ಕಟ್ಟಬೇಕಿತ್ತು. ಅದು ಆಗದ ಕಡೆ ತೋಟದವರು ಬೆಲೆ ತೆತ್ತರು.

2014ರ ನವೆಂಬರ್‌ನ ಕಠ್ಮಂಡು ಶೃಂಗಸಭೆಯಲ್ಲಿ ಗಡಿ ದಾಟುವ ವಾಹನಗಳ ಒಪ್ಪಂದ ಪಾಕಿಸ್ತಾನದ ಒಪ್ಪಿಗೆಯಿಲ್ಲದೆ ಬಿದ್ದುಹೋಯಿತು. ಅದು ಈವರೆಗಿನ ಕೊನೆಯ ಶೃಂಗಸಭೆ. 2016ರ ಸೆಪ್ಟೆಂಬರ್‌ನಲ್ಲಿ ಉರಿ ಸೇನಾ ನೆಲೆಯ ಮೇಲೆ ದಾಳಿಯಾದ ಬಳಿಕ ಇಸ್ಲಾಮಾಬಾದ್ ಸಭೆಗೆ ಭಾರತ ಹೋಗಲಿಲ್ಲ, ಇನ್ನೂ ಕೆಲವು ದೇಶಗಳು ಹಿಂದೆ ಸರಿದವು, ಸಭೆಯೇ ನಡೆಯಲಿಲ್ಲ. 2019ರಲ್ಲಿ ಪುಲ್ವಾಮಾ ದಾಳಿಯ ನಂತರ ಭಾರತ ಪಾಕಿಸ್ತಾನಕ್ಕೆ ಕೊಟ್ಟಿದ್ದ ಸ್ಥಾನವನ್ನು ಹಿಂತೆಗೆದುಕೊಂಡು ಶೇ 200ರಷ್ಟು ಸುಂಕ ಹಾಕಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. 2025ರಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಅಟ್ಟಾರಿ ಗಡಿ ಠಾಣೆಯೂ ಮುಚ್ಚಿತು.

ಪಾಕಿಸ್ತಾನವನ್ನು ಬಿಟ್ಟು ಪೂರ್ವದಿಕ್ಕಿನಲ್ಲಿ ಮುಂದುವರಿಯುವ ದಾರಿಯನ್ನು ಭಾರತ ಹಿಡಿದಿದೆ. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಬಿಮ್‌ಸ್ಟೆಕ್ 1997ರಲ್ಲೇ ಹುಟ್ಟಿದರೂ ಅದರ ಮುಕ್ತ ವ್ಯಾಪಾರ ಒಪ್ಪಂದ 2004ರ ಚೌಕಟ್ಟಿನಾಚೆ ಹೋಗಿಲ್ಲ. 2015ರಲ್ಲಿ ಭೂತಾನ, ಬಾಂಗ್ಲಾದೇಶ, ಭಾರತ, ನೇಪಾಳಗಳು ಥಿಂಫುವಿನಲ್ಲಿ ಸಹಿ ಹಾಕಿದ ವಾಹನ ಒಪ್ಪಂದವನ್ನು ಭೂತಾನದ ಮೇಲ್ಮನೆ ಮರುವರ್ಷ ತಿರಸ್ಕರಿಸಿತು. ಹೊರಗಿನ ಲಾರಿಗಳ ದಟ್ಟಣೆಯನ್ನು ತಮ್ಮ ಗುಡ್ಡಗಾಡು ತಾಳಲಾರದೆಂಬ ಭಯ ಅಲ್ಲಿನವರಿಗಿತ್ತು. ಕೂಡಿಬಂದದ್ದು ಒಂದು ಸಣ್ಣ ಕೆಲಸ. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ಜಲವಿದ್ಯುತ್ ಭಾರತದ ತಂತಿಗಳ ಮೂಲಕ ಹಾದು ಮೊದಲ ಬಾರಿಗೆ ಬಾಂಗ್ಲಾದೇಶವನ್ನು ತಲುಪಿತು.