ಗ್ರೀಕ್ ಕಾಫಿ ಕುಡಿದರೆ ರಾತ್ರಿ ನಿದ್ದೆ ಬರಲ್ವಾ?

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಗ್ರೀಸಿಗೆ ಹೊರಟಿದ್ದೇವೆ. ಅಲ್ಲಿಯ ಕಾಫಿ ಭಯಂಕರ ಸ್ಟ್ರಾಂಗ್ ಅಂತೆ. ಒಂದು ಪುಟ್ಟ ಕಪ್ ಕುಡಿದರೂ ರಾತ್ರಿಯೆಲ್ಲ ಕಣ್ಣು ಮುಚ್ಚಕ್ಕಾಗಲ್ವಂತೆ. ಅಪ್ಪನಿಗೆ ಕಾಫಿ ಇಲ್ಲದೆ ಬೆಳಗಾಗಲ್ಲ. ಪುಡಿ, ಫಿಲ್ಟರ್ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕಾ?

ಉತ್ತರ: ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಸಾಕು, ಬೇರೆ ಬೇರೆ ಹೆಸರಲ್ಲಿ ಇದೇ ಪ್ರಶ್ನೆ ಬರುತ್ತದೆ. ಉತ್ತರ ಬರೆದೂ ಬರೆದೂ ನನಗೂ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಫಿಲ್ಟರ್ ಬೇಕಿದ್ದರೆ ಕಟ್ಟಿಕೊಳ್ಳಿ, ಅದು ನಿಮ್ಮ ಇಷ್ಟ. ಆದರೆ ಹೆದರಿಕೊಂಡು ಕಟ್ಟಿಕೊಳ್ಳಬೇಡಿ. ಆ ಪುಟ್ಟ ಕಪ್ಪಿನ ಗ್ರೀಕ್ ಕಾಫಿ ನೀವು ಅಂದುಕೊಂಡಷ್ಟು ಸ್ಟ್ರಾಂಗ್ ಅಲ್ಲ. ಗ್ರೀಸಿನಲ್ಲಿ ನಿದ್ದೆ ಕೆಡಿಸುವ ಕಾಫಿ ಇದೆ, ಇಲ್ಲ ಅನ್ನಲ್ಲ. ಅದು ಇದಲ್ಲ.

ಮೊದಲು ಅದನ್ನು ಹೇಗೆ ಮಾಡುತ್ತಾರೆ ಅಂತ ನೋಡಿ. ಉದ್ದ ಹಿಡಿಯ, ಬಾಯಿ ಕಿರಿದಾದ ಸಣ್ಣ ಪಾತ್ರೆ. ಅದಕ್ಕೆ ಬ್ರಿಕಿ ಅನ್ನುತ್ತಾರೆ. ಕುಡಿಯುವ ಕಪ್ಪಿನಿಂದಲೇ ನೀರು ಅಳೆದು ಅದಕ್ಕೆ ಹಾಕುತ್ತಾರೆ, ಸುಮಾರು 60–70 ಮಿಲಿ. ಮೇಲೆ ಒಂದು ಚಮಚ ಕಾಫಿ ಪುಡಿ. ಈ ಪುಡಿ ನಮ್ಮ ಫಿಲ್ಟರ್ ಪುಡಿಯ ಹಾಗೆ ತರಿತರಿ ಇರುವುದಿಲ್ಲ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಸಕ್ಕರೆ ಬೇಕಿದ್ದರೆ ಈಗಲೇ ಹಾಕಬೇಕು. ಒಂದು ಸಲ ಚೆನ್ನಾಗಿ ಕಲಕಿ ಸಣ್ಣ ಉರಿಯಲ್ಲಿ ಇಡುತ್ತಾರೆ. ಆಮೇಲೆ ಚಮಚ ಮುಟ್ಟುವ ಹಾಗಿಲ್ಲ.

ಎರಡು ಮೂರು ನಿಮಿಷದಲ್ಲಿ ಪಾತ್ರೆಯ ಅಂಚಿನಲ್ಲಿ ನೊರೆ ಕಟ್ಟಲು ಶುರುವಾಗುತ್ತದೆ. ಅಂಚಿನಿಂದ ಒಳಗೆ ಒಳಗೆ ಬರುತ್ತಾ ನಡುವಿನ ಕಪ್ಪು ಕಣ್ಣು ಚಿಕ್ಕದಾಗುತ್ತಾ ಹೋಗುತ್ತದೆ. ಅದು ಪೂರ್ತಿ ಮುಚ್ಚಿಕೊಂಡು ನೊರೆ ಮೇಲೇಳುವ ಹೊತ್ತಿಗೆ ಬ್ರಿಕಿ ಒಲೆಯಿಂದ ಇಳಿಯಬೇಕು. ಉಕ್ಕಿತೋ, ಕೆಟ್ಟಿತು. ಆ ನೊರೆಯ ಹೆಸರು ಕೈಮಾಕಿ. ಕೈಮಾಕಿ ಇಲ್ಲದ ಕಾಫಿ ಕೊಟ್ಟರೆ ಗ್ರೀಕ್ ಅಜ್ಜಂದಿರು ಮುಖ ಸಿಂಡರಿಸುತ್ತಾರೆ. ಸೋಸುವ ಮಾತೇ ಇಲ್ಲ, ಪುಡಿಯ ಸಮೇತ ಕಪ್ಪಿಗೆ ಬಗ್ಗಿಸುತ್ತಾರೆ. ಜೊತೆಗೆ ಒಂದು ಲೋಟ ತಣ್ಣೀರು. ಎರಡು ನಿಮಿಷ ಸುಮ್ನೆ ಕೂತರೆ ಪುಡಿ ತಳ ಸೇರುತ್ತದೆ. ಮೇಲಿನದ್ದನ್ನು ಗುಟುಕು ಗುಟುಕಾಗಿ ಕುಡಿದು, ಬಾಯಿಗೆ ಗಸಿ ಸಿಗತೊಡಗಿದಾಗ ನಿಲ್ಲಿಸುವುದು. ದಯವಿಟ್ಟು ಚಮಚ ಕೇಳಿ ಕಲಕಬೇಡಿ.

ಮೂರು ಸಲ ಉಕ್ಕಿಸಬೇಕು ಅಂತ ಕೆಲವರು ಹೇಳುತ್ತಾರೆ. ಗ್ರೀಸಿನಲ್ಲೂ ಹೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಒಂದೇ ಸಲ, ಅದೂ ಉಕ್ಕುವ ಮೊದಲು. ಹೆಚ್ಚು ಕುದಿಸಿದರೆ ಕಹಿ ಬರುತ್ತದೆ, ಕೈಮಾಕಿ ಒಡೆಯುತ್ತದೆ.

ಈಗ ಸ್ಟ್ರಾಂಗ್ ವಿಷಯ. ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಕಪ್ ಚಿಕ್ಕದು, ಕಾಫಿ ಕಪ್ಪು, ಹಾಲಿಲ್ಲ, ತಳದಲ್ಲಿ ಕೆಸರಿನ ಹಾಗೆ ಪುಡಿ. ನೋಡಿದರೇ ಭಯ ಆಗುತ್ತೆ ಅಲ್ವಾ? ಆದರೆ ನಿದ್ದೆ ಕೆಡಿಸುವುದು ಬಣ್ಣ ಅಲ್ಲ, ಕೆಫೀನ್. ಕೆಫೀನ್ ಎಷ್ಟು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡೇ ಸಂಗತಿ: ಎಷ್ಟು ಗ್ರಾಂ ಪುಡಿ ಹಾಕಿದಿರಿ, ಅದು ಯಾವ ಜಾತಿಯ ಬೀಜ.

ಲೆಕ್ಕ ಮಾಡೋಣ. ಒಂದು ಕಪ್ ಗ್ರೀಕ್ ಕಾಫಿಗೆ ಬೀಳುವ ಪುಡಿ 5ರಿಂದ 7 ಗ್ರಾಂ. ಗ್ರೀಸಿನಲ್ಲಿ ಕಾಫಿ ಬೆಳೆಯುವುದಿಲ್ಲ, ಎಲ್ಲವೂ ಹೊರಗಿನಿಂದಲೇ ಬರಬೇಕು. ಬ್ರಿಕಿಗೆ ಬೀಳುವ ಪುಡಿಯಲ್ಲಿ ಬ್ರೆಜಿಲ್‌ನ ಅರೇಬಿಕಾದ್ದೇ ದೊಡ್ಡ ಪಾಲು. ಅರೇಬಿಕಾ ಬೀಜದಲ್ಲಿ ಕೆಫೀನ್ ಹೆಚ್ಚುಕಮ್ಮಿ ನೂರಕ್ಕೆ 1.2. ಅಂದರೆ ಪುಡಿಯಲ್ಲಿರುವ ಕೆಫೀನ್ ಅಷ್ಟೂ ನೀರಿಗೆ ಇಳಿಯಿತು ಅಂತಲೇ ಇಟ್ಟುಕೊಂಡರೂ 60ರಿಂದ 85 ಮಿಲಿಗ್ರಾಂ. ತಳದಲ್ಲಿ ಗಸಿಯ ಜೊತೆ ಸ್ವಲ್ಪ ಕಾಫಿ ಉಳಿಯುತ್ತಲ್ಲ, ಅದು ನಿಮ್ಮ ಹೊಟ್ಟೆಗೆ ಹೋಗುವುದೂ ಇಲ್ಲ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲೇ ಹೇಳಿದೆ. ಗರ್ಭಿಣಿಯರಿಗೆ 200.

"ಆದರೆ ಅಷ್ಟು ಗಟ್ಟಿಯಾಗಿದೆಯಲ್ಲ?" ಅಂತ ಕೇಳುತ್ತೀರಿ. ನಾಲಿಗೆಗೆ ಗಟ್ಟಿ ಅನ್ನಿಸುವುದಕ್ಕೆ ಕಾರಣ ಬೇರೆ. ಸೋಸದೇ ಇರುವುದರಿಂದ ನುಣ್ಣನೆಯ ಪುಡಿಯೂ ಬೀಜದ ಎಣ್ಣೆಯೂ ಕಾಫಿಯಲ್ಲೇ ತೇಲುತ್ತಿರುತ್ತವೆ. ಬಾಯಿ ತುಂಬಿದ ಹಾಗಾಗುತ್ತದೆ. ಬಾಯಿ ತುಂಬುವುದಕ್ಕೂ ಕೆಫೀನಿಗೂ ಸಂಬಂಧ ಇಲ್ಲ.

"ಕಪ್ಪಗಿದೆಯಲ್ಲ?" ಅದಕ್ಕೂ ಕೆಫೀನಿಗೂ ನೆಂಟಸ್ತಿಕೆ ಇಲ್ಲ. ಬೀಜವನ್ನು ಜಾಸ್ತಿ ಹುರಿದರೆ ಬಣ್ಣ, ಕಹಿ ಏರುತ್ತದೆ. ಕೆಫೀನ್ ಏರುವುದಿಲ್ಲ. ಗ್ರೀಕ್ ಕಾಫಿಗೆ ಹುರಿಯುವುದು ಬಹಳ ಸಲ ಎಳೆ ಹುರಿತವೇ. ಅಂಗಡಿಯಲ್ಲಿ ಪೊಟ್ಟಣ ಬಿಚ್ಚಿ ತೋರಿಸಿದರೆ ನಮ್ಮವರು "ಇದೇನು ಇಷ್ಟು ಬಿಳಿಚಿಕೊಂಡಿದೆ" ಅಂತಾರೆ.

ಇನ್ನೊಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಸ್ಟ್ರಾಂಗ್ ಅನ್ನುವುದಕ್ಕೆ ನಮ್ಮ ನಾಲಿಗೆ ಇಟ್ಟುಕೊಂಡಿರುವ ಅಳತೆಯೇ ಚಿಕೋರಿಯಿಂದ ಬಂದಿದ್ದು. ಚಿಕೋರಿ ಒಂದು ಬೇರು. ಅದರಲ್ಲಿ ಕೆಫೀನ್ ಒಂದು ಚೂರೂ ಇಲ್ಲ. ಆದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣ ಕೊಡುತ್ತದೆ, ಮಂದ ಮಾಡುತ್ತದೆ, ಕಹಿ ಕೊಡುತ್ತದೆ. ಕಾಫಿ ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ 49 ಭಾಗದವರೆಗೂ ಚಿಕೋರಿ ಇರಲು ನಮ್ಮ ಕಾನೂನೇ ಬಿಟ್ಟಿದೆ. ಚಿಕೋರಿ ಜಾಸ್ತಿ ಇರುವ ಪುಡಿಯ ಕಾಫಿ ಕುಡಿದು "ಆಹಾ, ಏನು ಸ್ಟ್ರಾಂಗು" ಅನ್ನುವವರು, ಹಾಲಿಲ್ಲದ ಗ್ರೀಕ್ ಕಾಫಿ ನೋಡಿ ಹೆದರಿದರೆ ನಾನು ಏನು ಹೇಳಲಿ? ಮೂರು ಸಂಗತಿ ಇಲ್ಲಿ ಕಲಸಿಹೋಗಿವೆ: ಬಣ್ಣ, ಕಹಿ, ಕೆಫೀನ್. ಮೂರನ್ನೂ ಬೇರೆ ಬೇರೆ ಇಡಿ.

ಟರ್ಕಿಶ್ ಕಾಫಿ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಮಾಡುವ ಬಗೆ ಒಂದೇ. ಗ್ರೀಕರೂ ಮೊದಲು ಅದನ್ನು ಟರ್ಕಿಶ್ ಕಾಫಿ ಅಂತಲೇ ಕರೆಯುತ್ತಿದ್ದರು. 1974ರಲ್ಲಿ ಟರ್ಕಿಯ ಸೇನೆ ಸೈಪ್ರಸ್‌ಗೆ ಇಳಿದ ಮೇಲೆ ಆ ಹೆಸರು ಯಾರಿಗೂ ಬೇಡವಾಯಿತು. ಬ್ರಿಕಿಯೊಳಗೆ ಏನೂ ಬದಲಾಗಲಿಲ್ಲ.

ಹಾಗಾದರೆ ಹೋಗಿ ಬಂದವರಿಗೆಲ್ಲ ನಿದ್ದೆ ಕೆಟ್ಟಿದ್ದು ಸುಳ್ಳಾ? ಸುಳ್ಳಲ್ಲ. ಮೈಸೂರಿನ ನನ್ನ ಸೋದರಮಾವ ಅಥೆನ್ಸ್‌ಗೆ ಹೋದಾಗ ರಾತ್ರಿ ಊಟ ಆದಮೇಲೆ ಒಂದು ಪುಟ್ಟ ಕಪ್ ಗ್ರೀಕ್ ಕಾಫಿ ಕುಡಿದರು. ಬೆಳಗಿನ ಜಾವದವರೆಗೂ ಹೊರಳಾಡಿದರು. ತಪ್ಪೆಲ್ಲ ಆ ಕಪ್ಪಿನ ಮೇಲೆ ಬಿತ್ತು. "ಮಾವ, ಮಧ್ಯಾಹ್ನ ಏನು ಕುಡಿದ್ರಿ?" ಅಂತ ಕೇಳಿದೆ. "ಏನಿಲ್ಲಪ್ಪ, ಬಿಸಿಲು ಅಂತ ಆ ತಣ್ಣಗಿರೋದು ಎರಡು ಲೋಟ ಕುಡಿದೆ. ಅದು ಜ್ಯೂಸ್ ಥರ ಇತ್ತು."

ಆ ತಣ್ಣಗಿರೋದೇ ಫ್ರೆಡೊ. ಇವತ್ತಿನ ಗ್ರೀಸಿನಲ್ಲಿ ಯಾವ ಬೀದಿಯಲ್ಲಿ ನಿಂತು ನೋಡಿದರೂ ಜನರ ಕೈಯಲ್ಲಿರುವುದು ಬ್ರಿಕಿ ಕಾಫಿಯಲ್ಲ, ಮುಚ್ಚಳ ಮತ್ತು ಸ್ಟ್ರಾ ಇರುವ ಈ ಲೋಟ. 1990ರ ದಶಕದಲ್ಲಿ ಚಾಲ್ತಿಗೆ ಬಂತು. ಎರಡು ಶಾಟ್ ಬಿಸಿ ಎಸ್‌ಪ್ರೆಸೊ ತೆಗೆದು, ಐಸ್ ಹಾಕಿ, ಒಂದೇ ಕಡ್ಡಿಯ ಮಿಕ್ಸರಿನಲ್ಲಿ ಗಿರ್‍ರನೆ ತಿರುಗಿಸುತ್ತಾರೆ. ಅದನ್ನು ಮತ್ತೆ ಐಸ್ ತುಂಬಿದ ಲೋಟಕ್ಕೆ ಸುರಿದರೆ ಫ್ರೆಡೊ ಎಸ್‌ಪ್ರೆಸೊ. ಮೇಲೆ ತಣ್ಣನೆ ಹಾಲಿನ ದಪ್ಪ ನೊರೆ ಕೂರಿಸಿದರೆ ಫ್ರೆಡೊ ಕಪುಚಿನೊ. ಹೆಸರು ಇಟಲಿಯದು, ಮಾಡುವ ಬಗೆ ಗ್ರೀಕರದು. ಎರಡು ಶಾಟ್ ಅಂದರೆ 14ರಿಂದ 18 ಗ್ರಾಂ ಪುಡಿ. ಬ್ರಿಕಿಯ ಎರಡರಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ. ಎಸ್‌ಪ್ರೆಸೊ ಪುಡಿಯಲ್ಲಿ ರೊಬಸ್ಟಾ ಬೆರೆಸುವ ರೂಢಿಯೂ ಇದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡು ಪಟ್ಟು.

ಮೈಗೆ ಹೋದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಮಾವ ಸಂಜೆ 4ಕ್ಕೆ ಎರಡನೇ ಫ್ರೆಡೊ ಮುಗಿಸಿದ್ದರೆ ರಾತ್ರಿ 9ಕ್ಕೂ ಅದರ ಅರ್ಧ ಒಳಗೇ ಇತ್ತು. ಪುಟ್ಟ ಕಪ್ ಬಂದಿದ್ದು ಅದರ ಮೇಲೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮಾವ ಒಪ್ಪಲಿಲ್ಲ. ಈಗಲೂ ಊರಲ್ಲಿ ಸಿಕ್ಕವರಿಗೆಲ್ಲ "ಗ್ರೀಕ್ ಕಾಫಿ ಮಾತ್ರ ಕುಡಿಯಬೇಡಿ" ಅಂತಲೇ ಹೇಳುತ್ತಿದ್ದಾರೆ. ನಿಮ್ಮ ಕಿವಿಗೂ ಆ ಕಡೆಯಿಂದಲೇ ಬಿದ್ದಿರಬಹುದು.

ನಿಮ್ಮ ಅಪ್ಪನ ವಿಷಯ. ಗ್ರೀಕ್ ಕಾಫಿಗೆ ಹಾಲು ಹಾಕುವ ಪದ್ಧತಿ ಇಲ್ಲ. ಕೇಳಿದರೆ ಬೈಯುವುದಿಲ್ಲ, ಆದರೆ ವಿಚಿತ್ರವಾಗಿ ನೋಡುತ್ತಾರೆ. ಹಾಲು ಬೇಕೇಬೇಕು ಅಂದರೆ ಬಿಸಿ ಕಪುಚಿನೊ ಎಲ್ಲ ಕಡೆ ಸಿಗುತ್ತದೆ. ಗ್ರೀಕ್ ಕಾಫಿಯೇ ಆಗಲಿ ಅಂದರೆ ಆರ್ಡರ್ ಮಾಡುವಾಗಲೇ ಸಕ್ಕರೆ ಎಷ್ಟು ಅಂತ ಹೇಳಿಬಿಡಬೇಕು, ಆಮೇಲೆ ಹಾಕಿ ಕಲಕಿದರೆ ಗಸಿ ಎದ್ದುಬರುತ್ತದೆ. ಸಕ್ಕರೆ ಬೇಡ ಅನ್ನಲು ಸ್ಕೆಟೊ. ಪುಡಿಯಷ್ಟೇ ಸಕ್ಕರೆ ಬೇಕಾದರೆ ಮೆಟ್ರಿಯೊ. ಸಿಹಿಯಾಗಿ ಬೇಕಾದರೆ ಗ್ಲಿಕೊ. ನಮ್ಮ ಕಡೆಯವರಿಗೆ ಮೆಟ್ರಿಯೊ ಸರಿಹೋಗುತ್ತದೆ. ಹಳ್ಳಿಗಳ ಕಫೆನಿಯೊದಲ್ಲಿ, ಅಂದರೆ ಹಳೇ ಕಾಲದ ಕಾಫಿ ಮನೆಯಲ್ಲಿ, ಒಂದು ಕಪ್ ಇಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಪಕ್ಕದ ಮೇಜಿನಲ್ಲಿ ವಯಸ್ಸಾದವರು ತಾವ್ಲಿ ಆಡುತ್ತಾ ದಾಳ ಕುಟ್ಟುತ್ತಿರುತ್ತಾರೆ. ಅಪ್ಪನಿಗೆ ಹೊತ್ತು ಹೋಗುತ್ತದೆ. ಬಿಲ್ ತಾನಾಗಿ ಬರಲಿ ಅಂತ ಕಾಯಬೇಡಿ, ಕೇಳಿ ತರಿಸಿಕೊಳ್ಳಿ.

ಯಾರೂ ಕೇಳಿಲ್ಲ, ಆದರೂ ಫ್ರಪ್ಪೆ ಬಗ್ಗೆ ಬರೆಯದೆ ಬಿಡಲಾರೆ. ಫ್ರೆಡೊಗೂ ಮುಂಚೆ ಗ್ರೀಸಿನ ಬೇಸಿಗೆಯನ್ನು ಆಳಿದ್ದು ಅದೇ. 1957ರ ಥೆಸ್ಸಲೊನೀಕಿ ಅಂತರರಾಷ್ಟ್ರೀಯ ಮೇಳದಲ್ಲಿ ನೆಸ್ಲೆ ಕಂಪನಿ ಮಕ್ಕಳಿಗಾಗಿ ಹೊಸ ಚಾಕೊಲೇಟ್ ಪಾನೀಯ ತೋರಿಸುತ್ತಿತ್ತು. ಶೇಕರಿನಲ್ಲಿ ಹಾಕಿ ಕುಲುಕಿದರೆ ಆಯಿತು. ಅಲ್ಲಿದ್ದ ದಿಮಿತ್ರಿಸ್ ವಾಕೊಂಡಿಯೊಸ್ ಎಂಬುವರಿಗೆ ಬಿಡುವಿನಲ್ಲಿ ಕಾಫಿ ಬೇಕೆನಿಸಿತು. ಬಿಸಿನೀರು ಸಿಗಲಿಲ್ಲ. ಇನ್‌ಸ್ಟಂಟ್ ಕಾಫಿ ಪುಡಿಗೆ ತಣ್ಣೀರು ಹಾಕಿ ಅದೇ ಶೇಕರಿನಲ್ಲಿ ಕುಲುಕಿದರು. ಮೇಲೆ ದಪ್ಪ ನೊರೆ ನಿಂತಿತು. ಅಷ್ಟೇ ಕಥೆ.

ನೊರೆ ಯಾಕೆ ನಿಂತಿತು ಅನ್ನುವುದು ನನಗೆ ಅದಕ್ಕಿಂತ ಇಷ್ಟ. ಕಾಫಿ ಬೀಜದಲ್ಲಿ ಎಣ್ಣೆ ಇದೆ. ಎಣ್ಣೆ ನೊರೆಯನ್ನು ಒಡೆಯುತ್ತದೆ. ಇನ್‌ಸ್ಟಂಟ್ ಪುಡಿ ಮಾಡುವಾಗ ಆ ಎಣ್ಣೆ ಬಹುಪಾಲು ಹಿಂದೆಯೇ ಉಳಿದುಹೋಗುತ್ತದೆ. ಹಾಗಾಗಿ ಮನೆಯಲ್ಲಿ ಒಳ್ಳೆ ಡಿಕಾಕ್ಷನ್ ಆರಿಸಿ ಎಷ್ಟೇ ಕುಲುಕಿದರೂ ಫ್ರಪ್ಪೆಯ ನೊರೆ ಬರುವುದಿಲ್ಲ. ಬೇಳೆ ಬೇಯಿಸಿದ ಹಾಗೆ ಒಂದು ಕ್ಷಣ ಬುರುಗು ಬಂದು ಇಳಿದುಹೋಗುತ್ತದೆ. ಎರಡು ಚಮಚ ಸಾದಾ ಇನ್‌ಸ್ಟಂಟ್ ಪುಡಿ, ಸಕ್ಕರೆ, ಎರಡು ಮೂರು ಚಮಚ ತಣ್ಣೀರು ಹಾಕಿ ಮುಚ್ಚಳದ ಬಾಟಲಿಯಲ್ಲಿ ಕುಲುಕಿ ನೋಡಿ. ಚಿಕೋರಿ ಬೆರೆತ ಇನ್‌ಸ್ಟಂಟ್ ಬೇಡ. ಆಮೇಲೆ ಐಸ್, ನೀರು, ಬೇಕಿದ್ದರೆ ಹಾಲು.

ಎಣ್ಣೆ ಅಂದಿದ್ದಕ್ಕೆ ನೆನಪಾಯಿತು. ಗ್ರೀಕ್ ಕಾಫಿ ಬಗ್ಗೆ ನೀವು ಕೇಳಬೇಕಾಗಿದ್ದ ಪ್ರಶ್ನೆ ನಿದ್ದೆಯದಲ್ಲ, ಕೊಲೆಸ್ಟರಾಲ್‌ದು. ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದು ವಸ್ತು ಇದೆ. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಅದು ಬಹುತೇಕ ಕಾಗದದಲ್ಲೇ ನಿಲ್ಲುತ್ತದೆ. ಬ್ರಿಕಿಯಲ್ಲಿ ಸೋಸುವುದೇ ಇಲ್ಲ, ಹಾಗಾಗಿ ಕಪ್ಪಿಗೆ ಬರುತ್ತದೆ. ಇಕಾರಿಯಾ ದ್ವೀಪದ ಮುದುಕರು ಗ್ರೀಕ್ ಕಾಫಿ ಕುಡಿದೇ ತೊಂಬತ್ತು ದಾಟುತ್ತಾರೆ ಅಂತ ವಾಟ್ಸಾಪಿನಲ್ಲಿ ಬರುವುದನ್ನು ನಂಬಿ ದಿನಾ ನಾಲ್ಕು ಕಪ್ ಶುರುಮಾಡಬೇಡಿ. ಅಲ್ಲಿ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು, ನಿಜ. ಗ್ರೀಕ್ ಕಾಫಿ ಕುಡಿಯುವ ವಯಸ್ಸಾದವರ ರಕ್ತನಾಳ ಚೆನ್ನಾಗಿ ಹಿಗ್ಗುತ್ತಿದ್ದವು ಅಂತ ಅದು ಹೇಳಿತು. ಕಾಫಿಯಿಂದಲೇ ಆಯಸ್ಸು ಜಾಸ್ತಿ ಆಯಿತು ಅಂತ ಹೇಳಲಿಲ್ಲ. ಆ ಜನ ಗುಡ್ಡ ಹತ್ತಿ ಇಳಿಯುತ್ತಾರೆ, ಸೊಪ್ಪು ಕಾಳು ತಿನ್ನುತ್ತಾರೆ, ಮಧ್ಯಾಹ್ನ ಮಲಗುತ್ತಾರೆ.

ರಜೆಯ ಹತ್ತು ದಿನ ದಿನಕ್ಕೊಂದು ಕಪ್ ಕುಡಿದರೆ ಏನೂ ಆಗಲ್ಲ. ಅಪ್ಪನಿಗೆ ಕೊಲೆಸ್ಟರಾಲ್ ಮಾತ್ರೆ ನಡೆಯುತ್ತಿದ್ದರೆ, ಊರಿಗೆ ಬಂದಮೇಲೂ ಬ್ರಿಕಿ ಅಭ್ಯಾಸ ಮುಂದುವರಿಸುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಫ್ರಪ್ಪೆಯಲ್ಲಿ ಎಣ್ಣೆ ಬಹುತೇಕ ಇಲ್ಲದ್ದರಿಂದ ಈ ತೊಂದರೆ ಅಷ್ಟಾಗಿ ಇಲ್ಲ. ಅದಕ್ಕೆ ಸುರಿಯುವ ಸಕ್ಕರೆಯ ಲೆಕ್ಕ ಮಾತ್ರ ನೀವೇ ಇಟ್ಟುಕೊಳ್ಳಬೇಕು.